ವೈಪರ್ ಹಾರಿಹೋದ ಮಧ್ಯಾಹ್ನ

ವೈಪರ್ ಹಾರಿಹೋಯಿತು. ಮುರಿದು ಬೀಳಲಿಲ್ಲ, ಹಾರಿಯೇ ಹೋಯಿತು. ಹೂವಿನ ಹಿಪ್ಪರಗಿ ದಾಟಿ ಸ್ವಲ್ಪ ದೂರ ಹೋಗಿದ್ದೆವು, ಎದುರಿನಿಂದ ಮಳೆ ಬಡಿಯುತ್ತಿತ್ತು. ಹಾರಿದ್ದು ಡ್ರೈವರ್ ಕಡೆಯದು. ನನ್ನ ಕಡೆಯದು ಆರಾಮಾಗಿ ಓಡಾಡುತ್ತಿತ್ತು. ರಸ್ತೆ ಕಾಣುತ್ತಿದ್ದದ್ದು ನನಗೆ, ಸ್ಟೇರಿಂಗ್ ಇದ್ದದ್ದು ಮೊಮ್ಮಗಳ ಕೈಯಲ್ಲಿ!

ಮೊಮ್ಮಗಳು ಸುಜಾತಾಗೆ ಟೀಚರ್ ನೌಕರಿ ಸಿಕ್ಕಿದೆ. ಐದು ಗಂಟೆಯೊಳಗೆ ಮುದ್ದೇಬಿಹಾಳದಲ್ಲಿ ಹಾಜರಾಗಿ ಸಹಿ ಮಾಡಬೇಕಿತ್ತು. ಅವತ್ತೇ ಕಡೆಯ ದಿನ. (ಮೊದಲೇ ಹೋಗಬಾರದಿತ್ತೇ ಅಂತ ಕೇಳಬೇಡಿ. ನಾನು ಕೇಳಿ ಬೈಸಿಕೊಂಡಾಗಿದೆ.) ನಮ್ಮೂರು ಯಂಕಂಚಿ ಬಿಟ್ಟಾಗ ಬಿಸಿಲಿತ್ತು. ಒಬ್ಬಳೇ ಬೇಡ ಅಂತ ನಾನೂ ಹತ್ತಿ ಕೂತಿದ್ದೆ.

ಗಾಡಿ ನಿಲ್ಲಿಸಿದಳು. ಬದಿಗೆ ಇಳಿಸೋಣ ಎಂದರೆ ಎರೆಮಣ್ಣು. ಒಂದು ಗಾಲಿ ಇಳಿದರೂ ಟ್ರ್ಯಾಕ್ಟರ್ ಬಂದೇ ಎಳೆಯಬೇಕು. ಡಾಂಬರಿನ ಮೇಲೆಯೇ ನಿಂತೆವು. ಹಿಂದಿನಿಂದ ಬಂದ ಲಾರಿಯೊಂದು ಹಾರ್ನ್ ಹೊಡೆಯುತ್ತ ಕೂದಲೆಳೆಯ ಅಂತರದಲ್ಲಿ ದಾಟಿತು.

"ಆಯಿ, ಮೂರೂವರಿ ಆತು. ಮಳಿ ನಿಲ್ಲಂಗಿಲ್ಲ. ನನ್ನ ನೌಕರಿ ಹೋತು," ಎಂದು ಸುಜಾತಾ ಸ್ಟೇರಿಂಗ್ ಮೇಲೆ ತಲೆ ಇಟ್ಟಳು.

ನನ್ನ ಹತ್ತಿರ ಉಪಾಯವಿತ್ತು. ಹೇಳುವ ಹಾಗಿರಲಿಲ್ಲ.

ನಮ್ಮ ಯಜಮಾನರು ಲಾರಿ ಓಡಿಸುತ್ತಿದ್ದವರು. ವೈಪರ್ ಕೆಟ್ಟರೆ ಗಾಜಿಗೆ ಒದ್ದೆ ತಂಬಾಕು ತಿಕ್ಕುತ್ತಿದ್ದರು. ನೀರು ಹನಿಯಾಗಿ ನಿಲ್ಲದೆ ಜಾರಿಹೋಗುತ್ತದೆ. ತಂಬಾಕು ನನ್ನ ಸೊಂಟದ ಚಂಚಿಯಲ್ಲಿತ್ತು. ಆದರೆ ನಾನು ತಂಬಾಕು ಬಿಟ್ಟು ಎಂಟು ತಿಂಗಳಾಯಿತಲ್ಲ! ಡಾಕ್ಟರು ನನ್ನ ಬಾಯೊಳಗಿನ ಬಿಳಿ ಕಲೆ ತೋರಿಸಿ ಹೆದರಿಸಿದ ದಿನ ಇವಳ ತಲೆ ಮುಟ್ಟಿ ಆಣೆ ಮಾಡಿದ್ದೆ. ಆಣೆ ಮುರಿದರೆ ಆಕಾಶ ಬೀಳುತ್ತದೆ ಎಂದು ನಂಬುವವಳಲ್ಲ ನಾನು. ಆದರೆ ಇವಳ ಮುಖ ನೋಡುವುದು ಹೇಗೆ?

ಚಂಚಿ ಹೊರಗೆ ತೆಗೆದೆ. ಅವಳು ಅದನ್ನು ನೋಡಿದಳು, ನನ್ನನ್ನು ನೋಡಿದಳು.

"ನನ್ನ ತಲಿ ಮ್ಯಾಲ ಕೈ ಇಟ್ಟಿದ್ದಿ, ಆಯಿ."

"ಇಟ್ಟಿದ್ದೆ. ಸುಳ್ಳ ಹೇಳೇನಿ. ಬೈಯೂದು ಸಹಿ ಮಾಡಿದ ಮ್ಯಾಲ ಬೈಯಿ. ಈಗ ಇಳದು ತಿಕ್ಕು."

ಇಬ್ಬರೂ ತೊಯ್ದು ತಪ್ಪಡಿಯಾಗಿ ಗಾಜು ತಿಕ್ಕಿದೆವು. ಒಳಗೆ ಬಂದು ಕೂತೆವು. ನೀರು ಎಣ್ಣೆಯ ಹಾಗೆ ಜಾರಿತು. ಎದುರಿನದೆಲ್ಲ ಕಂಡಿತು.

ನೀವು ಮಳೆ ನೋಡಿದ್ದೀರಾ? ನಾನು ನೋಡಿರಲಿಲ್ಲ. ಎಪ್ಪತ್ತು ದಾಟಿದವಳು, ಇದೇ ನೆಲದಲ್ಲಿ ಮಳೆಯೊಳಗೇ ದುಡಿದವಳು. ಆದರೆ ತಲೆಯ ಮೇಲೆ ಗೋಣಿಚೀಲ, ಕಣ್ಣು ಕಳೆಯ ಮೇಲೆ. ಮಳೆ ಎಂದರೆ ಬೆನ್ನಿಗೆ ಬೀಳುವ ಏಟು, ಅಷ್ಟೇ.

ಅವತ್ತು ಮಳೆ ನಡೆಯುತ್ತಿತ್ತು. ನೆಲದಿಂದ ಆಕಾಶದವರೆಗೆ ಬೂದಿ ಬಣ್ಣದ ಗೋಡೆಯಾಗಿ, ಒಂದು ಊರನ್ನು ಬಿಟ್ಟು ಇನ್ನೊಂದು ಊರಿನ ಮೇಲೆ ಕಾಲಿಡುತ್ತಿತ್ತು. ಅದರ ಹಿಂದೆ ಬಿಸಿಲು. ಮರವಿಲ್ಲ, ಮನೆಯಿಲ್ಲ, ಎರೆಹೊಲ ಎಮ್ಮೆಯ ಮೈಯಂತೆ ಹೊಳೆಯುತ್ತಿತ್ತು. ಮಿಂಚು ಇಳಿದು ತೊಗರಿ ಹೊಲದಾಚೆ ನೆಲ ಮುಟ್ಟಿತು. ರಸ್ತೆ ನೆಟ್ಟಗೆ ಆ ಗೋಡೆಯೊಳಗೇ ಹೋಗುತ್ತಿತ್ತು. ಇಷ್ಟು ದೊಡ್ಡದರ ಕೆಳಗೆ ನಾನು ಬದುಕಿದ್ದೆನೇ?

"ಅಂಜಕಿ ಬರಾಕತ್ತೇತಿ, ಆಯಿ," ಎಂದಳು ಸುಜಾತಾ.

"ನನಗೂ. ನಡಿ."

ನಡೆಸಿದಳು. ಐದಕ್ಕೆ ಹತ್ತು ನಿಮಿಷವಿದ್ದಾಗ ಸಹಿ ಬಿತ್ತು.

ಹೊರಗೆ ಬಂದವಳೇ ಕೈ ಚಾಚಿದಳು. ಬೈದಿದ್ದರೆ ಚೆನ್ನಾಗಿತ್ತು. ಚಂಚಿ ಕೊಟ್ಟೆ. ಎಸೆಯುತ್ತಾಳೆ ಅಂದುಕೊಂಡೆ. ಕಾರಿನ ಖಾನೆಯೊಳಗಿಟ್ಟು ಕೀಲಿ ಹಾಕಿದಳು. "ಇದು ಗಾಜಿಗೆ. ಬಾಯಿಗಲ್ಲ."

ಮೊನ್ನೆ ಭಾನುವಾರ ಊರಿಗೆ ಬಂದಿದ್ದಳು. ಮೋಡ ಕಟ್ಟಿತ್ತು. "ಗಾಡಿ ತಗಿ, ಆ ರಸ್ತೆಕ್ಕ ಹೋಗೂಣು," ಅಂದೆ.

"ತಂಬಾಕ ಬೇಕಾಗೇತೇನ?" ಅಂದಳು.

ಮಳೆ ನೋಡಬೇಕಾಗಿದೆ ಎಂದರೆ ನನ್ನನ್ನು ಈಗ ನಂಬುವವರು ಯಾರು?