ನಾಲ್ಕು ಮೊಳದ ದಾರಿಗೆ ಎಂಥ ಗಾಡಿ?

ಆಫ್‌ರೋಡಿಂಗ್ ಎಂಬ ಮಾತು ನನಗೆ ಗೊತ್ತಾದದ್ದು ಐವತ್ತೆರಡನೆಯ ವಯಸ್ಸಿನಲ್ಲಿ. ಅಲ್ಲಿಯವರೆಗೆ ಅದನ್ನು ನಾವು 'ಹೊಲಕ್ಕೆ ಹೋಗಿ ಬರುವುದು' ಎನ್ನುತ್ತಿದ್ದೆವು. ದೊಡ್ಡ ಪಟ್ಟಣದ ಜನ ಒಳ್ಳೆಯ ಡಾಂಬರು ರಸ್ತೆ ಬಿಟ್ಟು, ಕೆಸರು ಹುಡುಕಿಕೊಂಡು ಹೋಗಿ, ಅದರಲ್ಲಿ ಬೇಕೆಂದೇ ಸಿಕ್ಕಿಬಿದ್ದು, ಆಮೇಲೆ ಫೋಟೋ ಹಾಕುತ್ತಾರೆ ಎಂದು ಕೇಳಿದಾಗ ನನಗೆ ಒಂದು ಬಗೆಯ ಹೆಮ್ಮೆಯೇ ಆಯಿತು. ನಾವು ಈ ಆಟವನ್ನು ಹುಟ್ಟಿದಾಗಿನಿಂದ ಆಡುತ್ತಿದ್ದೇವೆ. ಫೋಟೋ ತೆಗೆಯುವುದು ತೋಚಿರಲಿಲ್ಲ, ಅಷ್ಟೆ.

ನಾನು ಬಸವನ ಬಾಗೇವಾಡಿಯಲ್ಲಿ ವಕೀಲ. ಸಿಂದಗಿ, ಇಂಡಿ, ಮುದ್ದೇಬಿಹಾಳದ ಕೋರ್ಟುಗಳಿಗೂ ಹೋಗಿ ಬರುತ್ತೇನೆ. ಇಪ್ಪತ್ತಾರು ವರ್ಷದಿಂದ ನನ್ನ ಅನ್ನ ಹುಟ್ಟುತ್ತಿರುವುದು ಹೊಲದ ದಾರಿಗಳ ತಕರಾರಿನಲ್ಲಿ. ಒಬ್ಬ ಒಡ್ಡು ಒತ್ತಿದ, ಇನ್ನೊಬ್ಬ ಬಂಡಿದಾರಿಗೆ ಮುಳ್ಳು ಹಚ್ಚಿದ, ಮತ್ತೊಬ್ಬ ದಾರಿಯನ್ನೇ ಉತ್ತು ಕಡಲೆ ಬಿತ್ತಿದ. ಇವರೆಲ್ಲ ಸೇರಿ ನನ್ನ ಮನೆ ಕಟ್ಟಿಸಿಕೊಟ್ಟಿದ್ದಾರೆ.

ನನಗೂ ಹೂವಿನ ಹಿಪ್ಪರಗಿಯ ಹತ್ತಿರ ಹನ್ನೆರಡು ಎಕರೆ ಎರೆ ಹೊಲವಿದೆ. ಎರೆಮಣ್ಣಿನ ಗುಣ ಗೊತ್ತಿಲ್ಲದವರಿಗೆ ಹೇಳುತ್ತೇನೆ: ಬೇಸಿಗೆಯಲ್ಲಿ ಅದು ಕಾಲು ಇಳಿಯುವಷ್ಟು ಬಿರುಕು ಬಿಡುತ್ತದೆ, ಮಳೆಯಾದರೆ ಇಳಿದ ಕಾಲನ್ನು ವಾಪಸು ಕೊಡುವುದಿಲ್ಲ. ಹತ್ತು ಹೆಜ್ಜೆ ನಡೆಯುವಷ್ಟರಲ್ಲಿ ಚಪ್ಪಲಿಗೆ ಮಣ್ಣು ಮೆತ್ತಿ ಮನುಷ್ಯ ನಾಲ್ಕು ಬೆರಳು ಎತ್ತರವಾಗುತ್ತಾನೆ. ಒಂದು ಮಳೆಗಾಲದಲ್ಲಿ ನಾನು ಬೈಕಿನ ಸಮೇತ ಅದರಲ್ಲಿ ಅಂಗಾತ ಬಿದ್ದೆ. ಎದ್ದು ಮನೆಗೆ ಬಂದಾಗ ಹೆಂಡತಿ ಸುನಂದಾ ಬಾಗಿಲಲ್ಲೇ ತಡೆದು, "ಯಾರ್ರಿ? ವಕೀಲರು ಮನ್ಯಾಗಿಲ್ಲ" ಎಂದಳು. ಅವತ್ತೇ ನಾಲ್ಕು ಗಾಲಿಯ ಗಾಡಿ ಕೊಳ್ಳುವುದೆಂದು ಠರಾವಾಯಿತು.

ಎಂಥ ಗಾಡಿ ಎಂಬುದು ಮಾತ್ರ ಠರಾವಾಗಲಿಲ್ಲ. ಬಿಜಾಪುರಕ್ಕೆ ಹೋಗಿ ನೋಡಿ ಬಂದವು ಎರಡು. ಒಂದು, ಹಿಂದೆ ತೊಟ್ಟಿಯಿರುವ ಭಾರಿ ಪಿಕಪ್. ಮುಂದೆ ಐದು ಜನ ಕೂತು ಹಿಂದೆ ಗೊಬ್ಬರದ ಚೀಲ, ಪೈಪು, ಪಂಪು ಎಲ್ಲ ಹಾಕಬಹುದು. ಇನ್ನೊಂದು ಗಿಡ್ಡ ಜೀಪು. ನಾಲ್ಕು ಜನ ಕೂತರೆ ಐದನೆಯದಾಗಿ ಬುತ್ತಿಗಂಟಿಗೂ ಜಾಗ ಕೇಳಬೇಕು. ಎರಡರಲ್ಲೂ ನಾಲ್ಕು ಗಾಲಿಗೂ ಎಳೆತವಿದೆ. ಬೇರೆಯವರಾಗಿದ್ದರೆ ಒಂದು ವಾರದಲ್ಲಿ ಒಂದನ್ನು ಆರಿಸಿಕೊಂಡು ಪೂಜೆ ಮಾಡಿಸುತ್ತಿದ್ದರು. ನನ್ನ ಕಷ್ಟವೆಂದರೆ ಎರಡೂ ಕಡೆಯಿಂದ ವಾದ ಮಾಡುವ ಚಟ. ಬೆಳಿಗ್ಗೆ ಹಲ್ಲುಜ್ಜುವಾಗ ಪಿಕಪ್ಪಿನ ಪರವಾಗಿ ಎಷ್ಟು ಚೆನ್ನಾಗಿ ವಾದಿಸುತ್ತಿದ್ದೆನೆಂದರೆ, ಸಂಜೆ ಜೀಪಿನ ಪರವಾಗಿ ಎದ್ದು ನಿಲ್ಲಲು ನಾಚಿಕೆಯಾಗುತ್ತಿತ್ತು. ಆದರೂ ನಿಲ್ಲುತ್ತಿದ್ದೆ. ತೀರ್ಪು ಕೊಡಬೇಕಾದವನೂ ನಾನೇ ಆದ್ದರಿಂದ ಪ್ರಕರಣ ತಾರೀಖಿನ ಮೇಲೆ ತಾರೀಖು ಬಿದ್ದು ಮುಂದಕ್ಕೆ ಹೋಗುತ್ತಿತ್ತು.

ಸುನಂದಾಳ ತಂಗಿಯ ಗಂಡ ಶಿವಾನಂದ ಝಳಕಿಯ ಹೆದ್ದಾರಿ ಬದಿಗೆ ಪೈಪಿನ ಅಂಗಡಿ ಇಟ್ಟಿದ್ದಾನೆ. ಅವನಲ್ಲಿ ಅಂಥದೇ ಪಿಕಪ್ ಇದೆ. ಅವನಿಗೆ ಜೀಪೆಂದರೆ ತಾತ್ಸಾರ. "ಅಣ್ಣಾರ, ಅದೇನ್ ಗಾಡ್ಯೋ ಕಡ್ಡಿಪೆಟ್ಟಿಗ್ಯೋ? ದೊಡ್ಡದು ತಗೊಳ್ರಿ. ಎರಿ ಇರ್ಲಿ, ಕೆಂಪ ಮಸಾರಿ ಇರ್ಲಿ, ನಾಕೂ ಗಾಲಿ ಹಲ್ಲು ಕಚ್ಚಿ ಎಳಿತಾವು" ಎಂದು ದಿನಕ್ಕೊಮ್ಮೆ ಫೋನು ಮಾಡುತ್ತಿದ್ದ.

ಇನ್ನೊಂದು ಸಲಹೆ ಬಂದದ್ದು ರಾಚಪ್ಪ ಕಾಕಾನಿಂದ. ಕಾಕಾ ನಮ್ಮ ಹೊಲದ ನೆರೆಯವರು, ನನಗಿಂತ ಹದಿನೈದು ವರ್ಷ ಹಿರಿಯರು. ನಾನು ಕಾಕಾ ಎನ್ನುತ್ತೇನೆ, ಅವರು ನನ್ನ ಕರಿಕೋಟಿನ ಮರ್ಯಾದೆಗೆ ವಕೀಲ್ರ ಎನ್ನುತ್ತಾರೆ. ನಮ್ಮ ಬೋರು ಬತ್ತಿದಾಗ ಎರಡು ಬೇಸಿಗೆ ತಮ್ಮ ನೀರು ನಮ್ಮ ಹೊಲಕ್ಕೆ ಬಿಟ್ಟ ಮನುಷ್ಯ. ಒಂದು ಸೋಮವಾರ ಚೀಲದ ತುಂಬ ಎಳೆಸವತೆ ತಂದು ಪಡಸಾಲೆಯಲ್ಲಿ ಕೂತರು. ಚಹಾ ಮುಗಿಯುವವರೆಗೆ ಮಳೆಯ ಮಾತಾಡಿ, ಏಳುವಾಗ ಚಪ್ಪಲಿ ಹುಡುಕುತ್ತ, "ಗಾಡಿ ತಗೊಳ್ಳಾಕತ್ತೀರಂತ. ಸಣ್ಣದ ತಗೊಳ್ರಿ ವಕೀಲ್ರ. ದೊಡ್ಡವು ಎಣ್ಣಿ ಭಾಳ ಕುಡಿತಾವು" ಎಂದರು.

ಅವರು ಹೋದ ಮೇಲೆ ಸುನಂದಾ ಸವತೆಕಾಯಿ ಹೆಚ್ಚುತ್ತ ಕೇಳಿದಳು: "ಕಾಕಾರು ಜನ್ಮದಾಗ ಗಾಡಿ ಹೊಡದವರಲ್ಲ. ಎಣ್ಣಿ ಲೆಕ್ಕ ಅವರಿಗ್ಯಾಕ ಬೇಕಾತ್ರಿ? ಒಮ್ಮೆ ದಾರಿ ಅಳದು ಬರ್ರಿ."

ದೀಪದ ಬುಡದಲ್ಲಿ ಕತ್ತಲು ಎನ್ನುವುದು ಇದಕ್ಕೇ. ಗಾಡಿ ಎಷ್ಟು ನೀರಲ್ಲಿ ಇಳಿಯುತ್ತದೆ, ಎಷ್ಟು ಏರು ಹತ್ತುತ್ತದೆ, ಹೊಟ್ಟೆಯ ಕೆಳಗೆ ಎಷ್ಟು ಜಾಗವಿದೆ ಎಂದೆಲ್ಲ ಬಾಯಿಪಾಠ ಮಾಡಿದ್ದ ನಾನು ದಾರಿಯ ಅಗಲ ನೋಡಿರಲಿಲ್ಲ. ರಸ್ತೆಯಿಂದ ನಮ್ಮ ಹೊಲದವರೆಗಿನ ಬಂಡಿದಾರಿ ನಮ್ಮ ಮನೆತನದ್ದು. ಅದರ ಎರಡೂ ಬದಿಯ ಹೊಲ ಕಾಕಾನದು. ಕಾಗದದಲ್ಲಿ ದಾರಿ ಎಂಟು ಮೊಳ. ಟೇಪು ಹಿಡಿದು ನೋಡಿದರೆ ನಾಲ್ಕು. ಎರಡೂ ಕಡೆಯಿಂದ ಕಾಕಾ ಇಪ್ಪತ್ತು ವರ್ಷ ಸಾವಕಾಶವಾಗಿ, ಆಷಾಢದಲ್ಲಿ ಹುಡುಗಿಯರು ಗುಳ್ಳವ್ವನ ಗೊಂಬೆಗೆ ಮಣ್ಣು ಕೆರೆದಷ್ಟೇ ಮೃದುವಾಗಿ, ಉತ್ತುಕೊಂಡು ಬಂದಿದ್ದರು. ತಾಲೂಕಿನ ದಾರಿಗಳನ್ನೆಲ್ಲ ಬಿಡಿಸಿಕೊಟ್ಟ ವಕೀಲನ ದಾರಿಯೇ ಅರ್ಧ ಹೋಗಿತ್ತು!

ಜೀಪು ಆ ದಾರಿಯಲ್ಲಿ ನಾಲ್ಕು ಬೆರಳು ಉಳಿಸಿ ಹೋಗುತ್ತದೆ. ಪಿಕಪ್ ಹೋಗುವುದಿಲ್ಲ. ಅಂದರೆ ಪ್ರಶ್ನೆ ಗಾಡಿಯದಾಗಿ ಉಳಿಯಲಿಲ್ಲ. ಪಿಕಪ್ ಕೊಂಡರೆ ಕಾಕಾನ ಮೇಲೆ ದಾವೆ ಹಾಕಬೇಕು. ಜೀಪು ಕೊಂಡರೆ ನಾಲ್ಕು ಮೊಳ ದಾರಿ ಬಿಟ್ಟುಕೊಟ್ಟಂತೆ. ಊರಿನವರಿಗೆ ಇದು ನನಗಿಂತ ಮೊದಲೇ ಗೊತ್ತಿತ್ತು. ಹಿಪ್ಪರಗಿಯ ಚಹಾದಂಗಡಿಯಲ್ಲಿ ಯಾರೂ "ದಾವೆ ಹಾಕ್ತೀರೇನ್ರಿ?" ಎಂದು ಕೇಳುತ್ತಿರಲಿಲ್ಲ. "ಯಾವ ಗಾಡಿ ಮಾಡಿದ್ರಿ?" ಎನ್ನುತ್ತಿದ್ದರು.

ವೃತ್ತಿಯ ಅಭಿಮಾನ ಕೆರಳಿತು. ನೋಟೀಸು ಬರೆಯಲು ಕೂತೆ. ವಕೀಲನೂ ನಾನೇ, ಕಕ್ಷಿದಾರನೂ ನಾನೇ. ಫೀಸು ಕೊಡದ ಕಕ್ಷಿದಾರರಲ್ಲಿ ಇವನೊಬ್ಬ ಹೆಚ್ಚು. 'ಸದರಿ ರಾಚಪ್ಪ ಎಂಬುವರು' ಎಂದು ಬರೆದೆ, ಕೈ ನಿಂತಿತು. ಐದು ವರ್ಷದವನಿದ್ದಾಗ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹಳ್ಳ ದಾಟಿಸಿದವರನ್ನು 'ಎಂಬುವರು' ಎನ್ನುವುದು ಹೇಗೆ? 'ಸದರಿ ರಾಚಪ್ಪ ಕಾಕಾ' ಎಂದು ತಿದ್ದಿ ನೋಡಿದೆ. ಅದು ನೋಟೀಸಿನ ಹಾಗೆ ಕಾಣದೆ ಮದುವೆಯ ಕರೆಯೋಲೆಯ ಹಾಗೆ ಕಂಡಿತು. ಮಡಚಿ ಕಪಾಟಿನಲ್ಲಿಟ್ಟೆ.

ಅಷ್ಟರಲ್ಲಿ ಶಿವಾನಂದ ತಾಳ್ಮೆಗೆಟ್ಟು, ಕಣ್ಣಾರೆ ತೋರಿಸಿಬಿಡುತ್ತೇನೆಂದು ತನ್ನ ಪಿಕಪ್ ತಂದೇಬಿಟ್ಟ. ಹಿಂದಿನ ದಿನ ಮಳೆಯಾಗಿತ್ತು. ದಾರಿಯ ಎರಡೂ ಕಡೆ ಕಾಕಾನ ತೊಗರಿ ಎದೆಮಟ್ಟ ನಿಂತಿತ್ತು. "ಇಷ್ಟ ದಾರಿ ಸಾಕ್ರಿ ಅಣ್ಣಾರ, ಒಂದ ಗಾಲಿ ಒಡ್ಡಿನ ಮ್ಯಾಲೆ ಹತ್ತಿಸಿ ಹೊಡದಬಿಡ್ತೇನಿ" ಎಂದ. ನಾನು ಬೇಡ ಎನ್ನಲಿಲ್ಲ. ಒಳಗಿನ ವಕೀಲನಿಗೆ ಏನಾದರೂ ಸಾಕ್ಷಿ ಸಿಕ್ಕೀತೆಂಬ ಆಸೆ. ಗಾಲಿ ಒಡ್ಡಿನ ಮೇಲೆ ಹತ್ತಿತು, ಗಾಡಿ ಓರೆಯಾಯಿತು, ಒಡ್ಡು ಜಾರಿತು, ಪಿಕಪ್ ದಾರಿಗೆ ಅಡ್ಡವಾಗಿ ಹೊಟ್ಟೆಯವರೆಗೆ ಕೂತಿತು. ನಾಲ್ಕೂ ಗಾಲಿಗೆ ಎಳೆತವಿದೆ ಎಂದು ಶಿವಾನಂದ ಹೇಳಿದ್ದು ಸುಳ್ಳಲ್ಲ. ನಾಲ್ಕೂ ತಿರುಗಿದವು. ಗಾಡಿ ಇದ್ದಲ್ಲೇ ಇತ್ತು, ಎರೆ ಮಾತ್ರ ನಮ್ಮ ಮೈಮೇಲೆ ಬಂತು.

ಸದ್ದಿಗೆ ಕಾಕಾ ಬಂದರು. ಒಡ್ಡು ಒಡೆದದ್ದನ್ನು ನೋಡಿದರು, ಗಾಡಿ ನೋಡಿದರು, ನನ್ನನ್ನು ನೋಡಿದರು. ಹೋಗಿ ಎತ್ತು ಹೊಡೆದುಕೊಂಡು ಬಂದರು. ದಾರಿಗೆ ಗಾಡಿ ಅಡ್ಡ ಇದ್ದುದರಿಂದ ಎತ್ತುಗಳನ್ನು ಮುಂದಕ್ಕೆ ತರಲು ಒಂದೇ ಮಾರ್ಗವಿತ್ತು, ತೊಗರಿಯೊಳಗಿಂದ. ಹೂ ಬಿಟ್ಟ ತೊಗರಿ! ಕಾಕಾ ಒಂದು ಕ್ಷಣ ನಿಂತರು. ಆಮೇಲೆ "ಹೋ" ಎಂದು ಎತ್ತುಗಳನ್ನು ಅದರ ನಡುವೆಯೇ ನುಗ್ಗಿಸಿದರು. ಹಗ್ಗ ಕಟ್ಟುವಾಗ ಶಿವಾನಂದ ಸುಮ್ಮನಿರಲಾರದೆ, "ನಾಕೂ ಗಾಲಿ ಎಳಿತಾವ್ರಿ ಕಾಕಾ, ಇವತ್ತ್ಯಾಕೋ..." ಎಂದ.

"ನಮ್ಮವಕ್ಕ ಎಂಟು ಕಾಲು ಅದಾವು, ನೀ ಅತ್ತ ಸರಿ" ಎಂದರು ಕಾಕಾ.

ಗಾಡಿ ಮೇಲೆ ಬಂತು. ಕಾಕಾ ಎತ್ತಿನ ಬೆನ್ನು ಸವರುತ್ತ, ಎತ್ತಿಗೇ ಹೇಳುವವರಂತೆ, "ದಾರಿ ಸಣ್ಣದಾಗೇತ್ರಿ ವಕೀಲ್ರ" ಎಂದರು.

ಇಪ್ಪತ್ತಾರು ವರ್ಷ ನಾನು ಕಟಕಟೆಯಲ್ಲಿ ಕೇಳಲು ಹಂಬಲಿಸಿದ ತಪ್ಪೊಪ್ಪಿಗೆ ಇದು. ಎಷ್ಟು ಜಾಣ ಪಾಟೀಸವಾಲು ಹಾಕಿದರೂ ಒಬ್ಬ ಪ್ರತಿವಾದಿಯೂ ನನಗೆ ಇದನ್ನು ಕೊಟ್ಟಿರಲಿಲ್ಲ. ನಾನು ಏನೆಂದೆ ಗೊತ್ತೆ? "ಹೌದ್ರಿ ಕಾಕಾ, ಈ ಸಲ ಮಳಿ ಭಾಳ ಆತು" ಎಂದೆ. ಮಳೆಗೆ ದಾರಿ ಕುಗ್ಗಿತೆಂದು ಎದುರು ಪಕ್ಷಕ್ಕೆ ನಾನೇ ನೆಪ ಹೇಳಿಕೊಟ್ಟಿದ್ದೆ. ಕಾಕಾ ಗಂಭೀರವಾಗಿ ತಲೆಯಾಡಿಸಿದರು.

ಮರುದಿನ ಬಿಜಾಪುರಕ್ಕೆ ಹೋಗಿ ಜೀಪಿಗೆ ಹೆಸರು ಹಚ್ಚಿ ಬಂದೆ. ನಮ್ಮ ಕಡೆ ಒಂದು ಮಾತಿದೆ, ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಎಂದು. ಕಕ್ಷಿದಾರರ ಮುಂದೆ ನಾನು ಈ ಮಾತನ್ನು ಎತ್ತುವುದಿಲ್ಲ. ಅವತ್ತು ನನಗೇ ಹೇಳಿಕೊಂಡೆ. ಕಾಕಾನ ಜೊತೆ ಮಾತು ಬಿಟ್ಟು ಎಂಟು ಮೊಳದ ದಾರಿಯಲ್ಲಿ ಒಬ್ಬನೇ ಪಿಕಪ್ ಹೊಡೆದುಕೊಂಡು ಹೋಗುವುದನ್ನು ನೆನೆದರೆ ಭಯವೇ ಆಗುತ್ತಿತ್ತು. ಅಷ್ಟು ಧೈರ್ಯ ನನಗಿಲ್ಲ. ಗಾಡಿ ಕೈಗೆ ಬರಲು ತಿಂಗಳುಗಟ್ಟಲೆ ಕಾಯಬೇಕಾಯಿತು. ಯಾವುದಕ್ಕೆ ಹೆಸರು ಹಚ್ಚಿದೆನೆಂದು ಊರಲ್ಲಿ ಯಾರಿಗೂ ಹೇಳಲಿಲ್ಲ, ಬಿತ್ತನೆಯನ್ನೂ ಆಳುಗಳಿಗೆ ಬಿಟ್ಟು ಹೊಲದ ಕಡೆ ಹೋಗಲಿಲ್ಲ, ಸೋತವನ ಸಂಕೋಚ.

ಜೀಪು ಬಂದದ್ದು ಮುಂಗಾರು ಬಿತ್ತನೆ ಮುಗಿದು ಸಸಿ ಎದ್ದ ವಾರ. ಸುನಂದಾಳನ್ನು ಕೂರಿಸಿಕೊಂಡು ಹೊಲಕ್ಕೆ ಹೊರಟೆ. ದಾರಿಯ ಬಾಯಿಗೆ ಬಂದವನು ಬ್ರೇಕು ಹಾಕಿದೆ. ತಪ್ಪು ದಾರಿಗೆ ಬಂದೆನೇ ಎಂದು ಅನುಮಾನ. ಎರಡೂ ಕಡೆ ತೊಗರಿಯ ಸಾಲುಗಳು ಹಿಂದೆ ಸರಿದಿದ್ದವು. ಹೊಸ ಒಡ್ಡು ಹಾಕಿತ್ತು. ಎರಡು ಪಿಕಪ್ ಅಲ್ಲದಿದ್ದರೂ ಒಂದೂವರೆಯಂತೂ ಹೋಗುವಷ್ಟು ದಾರಿ. ಒಡ್ಡಿನ ಮೇಲೆ ಕಾಕಾ ನಿಂತಿದ್ದರು, ಅತಿಥಿಯನ್ನು ಎದುರುಗೊಳ್ಳುವವರ ಹಾಗೆ ತಲೆಗೆ ತೊಳೆದ ಪಟಗಾ ಸುತ್ತಿಕೊಂಡು. ನನ್ನ ಜೀಪಿನ ಹಿಂದೆ ದೂರಕ್ಕೆ ಕಣ್ಣು ಹಾಯಿಸಿದರು.

"ದೊಡ್ಡದು ಹಿಂದ ಬರಾಕತ್ತೈತೇನ್ರಿ?"

"ಇಲ್ರಿ ಕಾಕಾ. ಇದ ನಮ್ಮ ಗಾಡಿ."

ಕಾಕಾ ಜೀಪನ್ನು ಒಂದು ಸುತ್ತು ಹಾಕಿದರು. ಮುಖ ಕೆಂಪಗಾಯಿತು. "ಎರಡೂ ಕಡೆ ಎರಡೆರಡು ಸಾಲು ಬಿಟ್ಟು ಬಿತ್ತೇನ್ರಿ ನಾ! ಒಂದ ಮಾತು ಹೇಳಬಾರದೇನ್ರಿ? ನೀವು ವಕೀಲ್ರು ಹೇಳೂದು ಬಿಟ್ಟು ಉಳದದ್ದೆಲ್ಲಾ ಮಾತಾಡ್ತೀರಿ!"

ಸುನಂದಾ ಆ ಕಡೆ ಮುಖ ತಿರುಗಿಸಿ ನಗುತ್ತಿದ್ದಳು. ನಾನು ಬಾಗಿಲು ತೆರೆದೆ. ಕಾಕಾ ಬೈಯುತ್ತಲೇ ಹತ್ತಿ ಕೂತರು. ಅಷ್ಟಗಲದ ದಾರಿಯಲ್ಲಿ ನಮ್ಮ ಗಿಡ್ಡ ಜೀಪು ದೊಡ್ಡ ಅಂಗಿ ತೊಟ್ಟ ಕೂಸಿನಂತೆ ಹೋಗುತ್ತಿತ್ತು. ಅರ್ಧ ದಾರಿಗೆ ಬಂದಾಗ ಕಾಕಾನ ಸಿಟ್ಟು ಇಳಿಯಿತು.

"ಹಂಗಾರ ಮುಂದಿನ ಮುಂಗಾರಿಗೆ ಈ ಸಾಲು ಮತ್ತ ಬಿತ್ತಲೇನ್ರಿ?"

ಇಪ್ಪತ್ತು ವರ್ಷ ಉತ್ತವರು ಮೊದಲ ಸಲ ಕೇಳಿದ್ದರು. ಕಾನೂನಿನಲ್ಲಿ ಇದಕ್ಕೆ ದೊಡ್ಡ ಅರ್ಥವಿದೆ. ಕೇಳಿ ಬಿತ್ತಿದವನು ನೂರು ವರ್ಷ ಬಿತ್ತಿದರೂ ಆ ನೆಲ ತನ್ನದೆನ್ನಲಾರ. ಒಂದೇ ಪ್ರಶ್ನೆಯಿಂದ ಕಾಕಾ ಪೂರ್ತಿ ದಾವೆ ಸೋತಿದ್ದರು, ಮತ್ತು ಅದು ಅವರಿಗೆ ಗೊತ್ತೇ ಇರಲಿಲ್ಲ. ಗೆದ್ದ ನಾನು ಗಾಡಿಯ ವೇಗ ತಗ್ಗಿಸಿದೆ.

"ಕಡೆಗೊಂದು ಸಾಲು ಬಿತ್ರಿ ಕಾಕಾ" ಎಂದೆ. "ಒಂದೊಂದು ದಾರಿಗೆ ಇರ್ಲಿ. ಶಿವಾನಂದ ಬರ್ತಿರ್ತಾನ."

"ಆತು. ನಾ ಮರ್ತು ಎರಡು ಬಿತ್ತಿದ್ರ ಅಲ್ಲೇ ಒದರಿಬಿಡ್ರಿ" ಎಂದರು.

ಒದರುತ್ತೇನೆ ಎಂದು ಒಪ್ಪಿಕೊಂಡೆ. ಯೋಚಿಸಿದರೆ ನೋಟೀಸಿಗಿಂತ ಒದರುವುದು ಎಷ್ಟೋ ವಾಸಿ. ಒಡ್ಡಿನ ಮೇಲೆ ನಿಂತು ಒಮ್ಮೆ ಒದರಿದರೆ ಎದುರಿನವರಿಗೆ ಅಲ್ಲೇ ತಲುಪುತ್ತದೆ, ಅವರೂ ತಿರುಗಿ ಒದರುತ್ತಾರೆ, ಸಂಜೆಗೆ ಇಬ್ಬರೂ ಚಹಾ ಕುಡಿಯಬಹುದು. ಇಪ್ಪತ್ತಾರು ವರ್ಷದಲ್ಲಿ ಒಬ್ಬ ಕಕ್ಷಿದಾರನಿಗೂ ನಾನು ಈ ಸಲಹೆ ಕೊಟ್ಟಿಲ್ಲ. ಕೊಟ್ಟಿದ್ದರೆ ದೊಡ್ಡ ಗಾಡಿಯೋ ಸಣ್ಣ ಗಾಡಿಯೋ ಎಂಬ ಚಿಂತೆ ನನಗೆ ಹತ್ತುತ್ತಲೇ ಇರಲಿಲ್ಲ, ಇವತ್ತಿಗೂ ಬೈಕಿನಲ್ಲೇ ಇರುತ್ತಿದ್ದೆ.