ಹುಳದ ಮನೆಯಲ್ಲಿ ಸಿಕ್ಕ ಅಂಡಮಾನ್

ಹೆಂಡತಿ ತೀರಿಕೊಂಡು ಒಂದು ತಿಂಗಳಾದ ಮೇಲೆ ನಾನು ನಮ್ಮ ರೇಷ್ಮೆ ಹುಳದ ಮನೆಯೊಳಗೆ ಕಾಲಿಟ್ಟೆ. ದೇವರಾಯಸಮುದ್ರದ ಹತ್ತಿರ ನಮ್ಮ ತೋಟದ ಅಂಚಿನಲ್ಲಿ ಅದನ್ನು ಕಟ್ಟಿಸಿದವನು ನಾನೇ. ಆದರೆ ಹುಳ ಬಂದ ದಿನದಿಂದ ಒಳಗೆ ಹೋಗಿರಲಿಲ್ಲ. ನಾನು ಹೊಗೆಸೊಪ್ಪು ಹಾಕುವವನು. ಅದರ ವಾಸನೆ ಬಡಿದರೂ ಹುಳಕ್ಕೆ ಆಗದು. ಸೋಪು ಹಾಕಿ ಕೈ ತೊಳೆದು ಹಿಪ್ಪುನೇರಳೆ ಸೊಪ್ಪು ಕೊಯ್ಯುವುದು, ಹೊರೆಯನ್ನು ಹೊಸ್ತಿಲಿನ ಹೊರಗೆ ಇಳಿಸುವುದು, ಅಷ್ಟೇ ನನ್ನ ಕೆಲಸ. ಒಳಗಿನದೆಲ್ಲ ಅವಳದು.

ಕೊನೆಯ ಬೆಳೆ ಆದ ಮೇಲೆ ಮನೆ ಖಾಲಿ ಇತ್ತು. ಸಂಕ್ರಾಂತಿ ಕಳೆಯುವವರೆಗೆ ಹೊಸ ಹುಳ ತರುವುದು ಬೇಡ, ಈ ಸಲ ಎರಡು ತಟ್ಟೆಗೆ ಹಾಲುತೊಂಡೆ ರೋಗ ಬಂದಿದೆ, ತೊಳೆದು ಬಿಸಿಲು ಗಾಳಿ ಆಡಲು ಬಿಡಬೇಕು ಎಂದು ಅವಳೇ ಹೇಳಿದ್ದಳು. ಆ ಎರಡು ತಟ್ಟೆಯ ಹುಳಗಳನ್ನು ಗೋಣಿಚೀಲಕ್ಕೆ ತುಂಬಿ ಬಾಯಿ ಕಟ್ಟಿ ನನಗೆ ಕೊಟ್ಟಿದ್ದಳು. ಬಿಚ್ಚಬೇಡಿ, ಸೋಂಕು ಹರಡುತ್ತೆ ಎಂದಿದ್ದಳು. ನಾನು ಆಳದ ಗುಂಡಿ ತೋಡಿ, ಸುಣ್ಣ ಸುರಿದು ಹೂತು ಬಂದಿದ್ದೆ. ಆಮೇಲೆ ಮೂರು ವಾರಕ್ಕೆ ಅವಳಿಗೆ ಎದೆನೋವು ಬಂತು. ಕೋಲಾರದ ಆಸ್ಪತ್ರೆ ತಲುಪುವುದರೊಳಗೆ ಎಲ್ಲ ಮುಗಿದಿತ್ತು.

ಅವಳು ಹೇಳಿದಂತೆ ತೊಳೆಯೋಣವೆಂದು ಒಳಗೆ ಹೋದೆ. ತಟ್ಟೆ ಜೋಡಿಸುವ ಸ್ಟ್ಯಾಂಡಿನ ಮೇಲಿನ ಅಟ್ಟಣಿಗೆಯಲ್ಲಿ, ಹಳೆಯ ಪೇಪರಿನ ಕೆಳಗೆ ನೋಟ್‌ಬುಕ್ಕೊಂದು ಸಿಕ್ಕಿತು. ಹುಳದ ಲೆಕ್ಕವಿರಬೇಕೆಂದು ತೆರೆದೆ. ಅವಳದೇ ದುಂಡಗಿನ ಅಕ್ಷರ. ಮೊದಲ ಸಾಲಿನಲ್ಲೇ 'ಅಂಡಮಾನ್' ಎಂದಿತ್ತು.

ದೇವನಹಳ್ಳಿಯಿಂದ ವಿಮಾನ. ಆಧಾರ್ ಒರಿಜಿನಲ್ ಬೇಕು, ಜೆರಾಕ್ಸ್ ನಡೆಯದು. ಒಂದು ದ್ವೀಪದಿಂದ ಇನ್ನೊಂದಕ್ಕೆ ಹಡಗು, ಟಿಕೆಟ್ ಮೊದಲೇ ಮಾಡಿಸುವುದು. ವಾಂತಿ ಮಾತ್ರೆ ಹತ್ತುವ ಅರ್ಧ ಗಂಟೆ ಮುಂಚೆ. ಫೋನು ಎಲ್ಲ ಕಡೆ ಸಿಗುವುದಿಲ್ಲ. ಐದೂವರೆಗೆಲ್ಲ ಕತ್ತಲು, ಬೆಳಗಿನ ಹೊತ್ತೇ ಸುತ್ತಾಡಬೇಕು. ಮೊಸಳೆ ಬೋರ್ಡು ಇರುವ ಕಡೆ ನೀರಿಗಿಳಿಯಬಾರದು. ಚಿಪ್ಪು, ಹವಳ ತರಬಾರದು, ಚೆಕ್ ಮಾಡುತ್ತಾರೆ. ಮಳೆಗಾಲ ಬೇಡ, ಸಂಕ್ರಾಂತಿ ಆದ ಮೇಲೆ ಒಳ್ಳೆಯದು. ಇಬ್ಬರಿಗೆ ಒಂದೇ ರೂಮು ಸಾಕು.

ಇಬ್ಬರಿಗೆ ಎಂಬುದನ್ನು ಓದಿದಾಗ ಒಂದು ಗಳಿಗೆ ಸಂತೋಷವಾಯಿತು. ನನಗೆ ಗೊತ್ತಿಲ್ಲದ ಹಾಗೆ ನಮಗಿಬ್ಬರಿಗೆ ಏನೋ ಮಾಡಿದ್ದಾಳೆ ಅಂದುಕೊಂಡೆ. ಹಾಳೆ ತಿರುವಿದೆ. ಅಲ್ಲಿ ಒಂದೇ ಸಾಲು: 'ಅವರಿಗೆ ಹೇಳುವುದು, ಮಾಲೂರಿಗೆ ಅಂತ.'

ಅವರು ಎಂದರೆ ನಾನು. ಮಾಲೂರಿನಲ್ಲಿ ಅವಳ ಅಕ್ಕ ಇದ್ದಾರೆ. ದೀಪಾವಳಿಗೆ ಮುಂಚೆ ಎರಡು ಸಲ ಅಕ್ಕನ ಮನೆಗೆಂದು ಬೆಳಿಗ್ಗೆ ಹೋಗಿ ಸಂಜೆ ಬಂದಿದ್ದಳು. ಅಲ್ಲೇ ನೆಲದ ಮೇಲೆ ಕುಳಿತು ಅಕ್ಕನಿಗೆ ಫೋನು ಮಾಡಿದೆ. ಬೇರೆ ಏನೇನೋ ಮಾತಾಡಿ, ಅವಳು ಕೊನೆಯದಾಗಿ ಬಂದದ್ದು ಯಾವಾಗ ಎಂದು ಕೇಳಿದೆ. ಬಂದು ಒಂದು ವರ್ಷದ ಮೇಲಾಗಿತ್ತು, ನಿಮಗೆ ಮರೆತುಹೋಯಿತೇ ಎಂದು ಆಕೆ ಅತ್ತರು.

ಆ ದಿನದಿಂದ ನನ್ನ ದುಃಖ ಕೆಟ್ಟುಹೋಯಿತು. ಕುಳಿತು ಅಳುವುದಕ್ಕೂ ಆಗಲಿಲ್ಲ. ತಿಥಿಗೆ ಬಂದಿದ್ದ ಗಂಡಸರನ್ನೆಲ್ಲ ಒಬ್ಬೊಬ್ಬರಾಗಿ ನೆನೆದೆ. ಯಾರು ಹೆಚ್ಚು ಅತ್ತರು, ಯಾರು ನನ್ನ ಮುಖ ನೋಡದೆ ಹೋದರು. ಮರಿಹುಳ ತಂದುಕೊಡುವವನು ಹೂವಿನ ಹಾರ ತಂದಿದ್ದ. ಅವನೇಕೆ ಹಾರ ತರಬೇಕಿತ್ತು? ಮುಳಬಾಗಿಲ ಬಸ್ಸಿನ ಕಂಡಕ್ಟರು ನನ್ನನ್ನು ಕಂಡು ಟಿಕೆಟ್ ಕೊಡುವಾಗ ತಲೆ ತಗ್ಗಿಸಿದ. ಸತ್ತವಳ ಮೇಲೆ ಇಂಥದ್ದು ಯೋಚಿಸುತ್ತೀಯಲ್ಲ ಎಂದು ನನ್ನನ್ನು ನಾನೇ ಬೈದುಕೊಳ್ಳುತ್ತಿದ್ದೆ. ಮರುದಿನ ಮತ್ತೆ ಅದೇ.

ಆಮೇಲೆ ಪಕ್ಕದ ಮನೆಯವಳ ವಿಷಯ ತಲೆಗೆ ಬಂತು. ಗಂಡ ಸತ್ತ ಮೇಲೆ ಒಬ್ಬಳೇ ಹುಳ ಸಾಕಿ ಬದುಕುತ್ತಿರುವ ಹೆಂಗಸು. ನನ್ನ ಹೆಂಡತಿಯನ್ನು ಅಕ್ಕ ಎನ್ನುತ್ತಿದ್ದಳು, ನನ್ನನ್ನು ಬಾವ. ಅವರಿಬ್ಬರೂ ಗುಟ್ಟು ಮಾತಾಡುವಾಗ ತೆಲುಗಿಗೆ ಜಾರುತ್ತಿದ್ದರು, ನನಗೂ ತೆಲುಗು ಬರುತ್ತದೆ ಎಂಬುದನ್ನೇ ಮರೆತವರಂತೆ. ದಿನಕ್ಕೆ ನಾಲ್ಕು ಸಲ ಬರುತ್ತಿದ್ದವಳು ಹನ್ನೊಂದನೆಯ ದಿನದ ನಂತರ ನಮ್ಮ ಮನೆ ಕಡೆ ತಲೆ ಹಾಕಿರಲಿಲ್ಲ. ನಾನು ಕೊಳಾಯಿ ಹತ್ತಿರ ಬಂದರೆ ಬಿಂದಿಗೆ ಅರ್ಧ ತುಂಬಿದ್ದರೂ ಎತ್ತಿಕೊಂಡು ಹೋಗುತ್ತಿದ್ದಳು. ಇವಳಿಗೆ ಗೊತ್ತಿದೆ, ಇವಳೇ ನಡುವೆ ನಿಂತು ಕೂಡಿಸಿದವಳು ಎಂದು ತೀರ್ಮಾನಿಸಿದೆ.

ಒಂದು ಮಧ್ಯಾಹ್ನ ನೋಟ್‌ಬುಕ್ಕು ಹಿಡಿದು ಹೋದೆ. ಜಗಲಿಯ ಮೇಲೆ ಕುಳಿತು ಅವರೆಕಾಯಿ ಬಿಡಿಸುತ್ತಿದ್ದಳು. ನೋಟ್‌ಬುಕ್ಕು ನೋಡಿದ್ದೇ ಅವಳ ಕೈ ನಿಂತಿತು.

"ಯಾರ ಜೊತೆ ಹೊರಟಿದ್ಲು, ಹೇಳಮ್ಮ. ನಿಂಗೆ ಗೊತ್ತು."

"ಗೊತ್ತಾದ್ರೆ ಏನ್ಮಾಡ್ತೀರ?"

"ಏನೂ ಮಾಡಲ್ಲ. ಗೊತ್ತಾಗ್ಬೇಕು ಅಷ್ಟೆ."

ಅವಳು ಸಿಪ್ಪೆಯನ್ನು ಮೊರದಿಂದ ಒಂದು ಕಡೆ ಸರಿಸಿದಳು. "ನನ್ ಜೊತೆ ಬಾವ. ಇನ್ಯಾರ ಜೊತೆ ಹೋಗ್ತಾಳೆ?"

ನಾನು ಜಗಲಿಯ ತುದಿಯಲ್ಲಿ ಕುಳಿತೆ. ಎಷ್ಟೋ ದಿನದಿಂದ ಹೊತ್ತಿದ್ದ ಹೊರೆ ಇಳಿಯಿತು, ನಿಜ. ಆದರೆ ಇಳಿದ ಜಾಗದಲ್ಲಿ ಬೇರೊಂದು ನೋವು ಎದ್ದಿತು. ಅಷ್ಟೇ ಆಗಿದ್ದರೆ ನನಗೇಕೆ ಹೇಳಲಿಲ್ಲ, ನಾನೇನು ಬೇಡ ಅನ್ನುತ್ತಿದ್ದೆನೇ ಎಂದು ಕೇಳಿದೆ.

"ಬೇಡ ಅಂತಿರ್ಲಿಲ್ಲ. ನಾನೂ ಬರ್ತೀನಿ ಅಂತಿದ್ರಿ."

ನಾನು ಮೊರದಿಂದ ಒಂದು ಅವರೆಕಾಯಿ ಎತ್ತಿಕೊಂಡೆ.

"ತಿರುಪತಿಗೆ ಹೋಗಿದ್ರಲ್ಲ ಇಬ್ರೂ. ಅಕ್ಕ ಅಲ್ಲಿ ಜಾಸ್ತಿ ನೋಡಿದ್ದು ದೇವ್ರನ್ನಲ್ಲ ಬಾವ, ನಿಮ್ ಚಪ್ಪಲೀನ. ಇದನ್ನ ನೋಡ್ಕೊ, ನೀರು ತಗೊ, ಬೇಗ ಬಾ, ಬಸ್ ಹೋಗತ್ತೆ ಅಂತ ನಿಮ್ದೇ ಮಾತು. ಸಮುದ್ರನಾದ್ರೂ ಒಂದ್ಸಲ ಸುಮ್ನೆ ಕೂತು ನೋಡ್ಬೇಕು ಅಂತಿದ್ಲು."

ಮಾಲೂರಿಗೆಂದು ಹೇಳಿದ ಎರಡು ದಿನವೂ ಅವರಿಬ್ಬರು ಕೋಲಾರಕ್ಕೆ ಹೋಗಿದ್ದರಂತೆ. ಬಸ್ ಸ್ಟ್ಯಾಂಡಿನ ಹಿಂದೆ ಟೂರಿಗೆ ಕಳಿಸುವ ಆಫೀಸು, ಅಲ್ಲಿನ ಹುಡುಗಿ ಹೇಳಿದ್ದನ್ನೆಲ್ಲ ನನ್ನ ಹೆಂಡತಿ ಬರೆದುಕೊಂಡಳಂತೆ. ಇವಳಿಗೆ ಓದು ಬರುವುದಿಲ್ಲ. ಹಣ ಎಲ್ಲಿಂದ ಬಂತು ಎಂದು ನಾನು ಕೇಳಲಿಲ್ಲ, ಇವಳೇ ಹೇಳಿಬಿಟ್ಟಳು. ಹೇಳುವಾಗ ತುಟಿಯ ಮೂಲೆಯಲ್ಲಿ ನಗು ಹಿಡಿದಿದ್ದಳು.

"ಆ ಎರಡ್ ತಟ್ಟೆಗೆ ಯಾವ ರೋಗಾನೂ ಇರ್ಲಿಲ್ಲ. ನೀವು ಟೊಮೆಟೊ ಮಂಡಿಗೆ ಹೋದಾಗ ನಮ್ಮನೆಗೆ ಸಾಗಿಸಿದ್ವು. ಇಲ್ಲೇ ಗೂಡು ಕಟ್ಟಿದ್ವು. ಅದನ್ನ ಮಾರಿದ ದುಡ್ಡಿಗೆ ನನ್ ಚೀಟಿ ದುಡ್ಡೂ ಸೇರ್ಸಿ ಟಿಕೆಟ್ ಮಾಡ್ಸಿದ್ವು."

"ಮತ್ತೆ ನಾನು ಹೂತಿದ್ದು?"

"ಸೊಪ್ಪಿನ ಕಡ್ಡಿ, ಹುಳದ ಹಿಕ್ಕೆ. ನೀವು ಸುಣ್ಣ ಹಾಕಿ ಕೈ ಮುಗ್ದಿದ್ದು ನೋಡಿ ಅಕ್ಕ ಒಳಗ್ಹೋಗಿ ಬಾಯಿಗೆ ಸೆರಗು ತುರುಕ್ಕೊಂಡ್ಳು."

ಅವಳು ಅಂದು ಸೆರಗು ಬಾಯಿಗಿಟ್ಟುಕೊಂಡು ಒಳಗೆ ಓಡಿದ್ದು ನನಗೆ ನೆನಪಿತ್ತು. ಸಾಕಿದ ಹುಳ ಹೋದವಲ್ಲ ಎಂದು ಅಳುತ್ತಿದ್ದಾಳೆ ಅಂದುಕೊಂಡು, ಸಂಜೆ ಅವಳಿಗೆ ಕಾಫಿ ಮಾಡಿಕೊಟ್ಟಿದ್ದೆ. ಅವಳು ಕಾಫಿಯನ್ನೂ ಕುಡಿದಿದ್ದಳು. ನನಗೆ ನಗು ಬಂತು. ನಕ್ಕೆ, ನಗುತ್ತಿದ್ದವನಿಗೆ ಅಳು ಬಂತು. ಹೆಂಡತಿ ಹೋದ ಮೇಲೆ ನಾನು ಸರಿಯಾಗಿ ಅತ್ತದ್ದು ಆ ಜಗಲಿಯ ಮೇಲೆಯೇ. ಪಕ್ಕದ ಮನೆಯವಳು ಬೇರೆ ಕಡೆ ತಿರುಗಿ ಅವರೆಕಾಯಿ ಬಿಡಿಸುತ್ತಿದ್ದಳು.

ಸ್ವಲ್ಪ ಹೊತ್ತಿನ ಮೇಲೆ, ಟಿಕೆಟ್ ಇದೆ, ವಾಪಸ್ ಮಾಡಲೇ ಎಂದು ಕೇಳಿದಳು. ಬೇಡ, ನೀನು ಹೋಗಿ ಬಾ ಎಂದೆ. ಒಬ್ಬಳೇ ಹೇಗೆ ಹೋಗಲಿ, ಬೋರ್ಡು ಓದಲಿಕ್ಕೂ ಬರುವುದಿಲ್ಲ ಎಂದಳು. ಬೇರೊಬ್ಬರು ಬೇಕಾದರೆ ಹೊಸ ಟಿಕೆಟ್ ಮಾಡಿಸಬೇಕಂತೆ.

ನಾನೂ ಬರ್ತೀನಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಊರವರು ಏನನ್ನುತ್ತಾರೆ ಎಂಬುದಕ್ಕಲ್ಲ, ಹೆಂಡತಿಗಾಗಿ ನುಂಗಿಕೊಂಡೆ. ಅವಳು ಅಷ್ಟೆಲ್ಲ ಸುಳ್ಳು ಹೇಳಿದ್ದು ಆ ಒಂದು ಮಾತನ್ನು ತಪ್ಪಿಸಲಿಕ್ಕೆ. ಶ್ರೀನಿವಾಸಪುರದಲ್ಲಿರುವ ನಿನ್ನ ತಂಗಿಯ ಮಗಳನ್ನು ಕೇಳು, ಓದಿದ ಹುಡುಗಿ ಎಂದೆ. ಕೇಳುತ್ತೇನೆ ಎಂದಳು. ಅಕ್ಕ ಬರೆದಿರುವುದನ್ನು ಮೊದಲಿಂದ ಒಂದು ಸಲ ಓದಿ ಎಂದಳು. ಬಾಯಿಪಾಠ ಮಾಡಿಕೊಳ್ಳಬೇಕಂತೆ.

ಓದತೊಡಗಿದೆ. ಒಂದೊಂದು ಸಾಲಿಗೂ ನಿಲ್ಲಿಸಿ, ಅವಳು ತಿರುಗಿ ಹೇಳುವವರೆಗೆ ಕಾದೆ. ಹಡಗಿನಲ್ಲಿ ನಡುವಿನ ಸೀಟು ಕೇಳುವುದು, ಅಲ್ಲಿ ತೂಗಾಟ ಕಡಿಮೆ ಎಂದು ಓದಿದೆ. ನಡುವಿನ ಸೀಟು, ತೂಗಾಟ ಕಡಿಮೆ ಎಂದಳು. ಮುಂದಿನ ಸಾಲಿಗೆ ಹೋದೆ.

"ನಿಧಾನಕ್ಕೆ ಓದಿ ಬಾವ," ಎಂದಳು. "ಬಸ್ಸೇನೂ ಹೋಗಲ್ಲ."