ಹಿರಿಯನನ್ನು ಮೊದಲು ಎಬ್ಬಿಸುವ ಮಲಿಕಾಬಿ

ನವಲಗುಂದದ ಈ ಓಣಿಗೆ ಇನ್ನೂ ಬೆಳಕು ಹರಿದಿಲ್ಲ. ರೇಡಿಯೋ ರಿಪೇರಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಮಲಿಕಾಬಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಸ್ಟೆಬಿಲೈಸರಿನ ಮುಳ್ಳನ್ನೇ ನೋಡುತ್ತ ನಿಂತಿದ್ದಾರೆ. ಮುಳ್ಳು ನಡುಗುವುದನ್ನು ಬಿಟ್ಟು ಒಂದು ಕಡೆ ನಿಂತಮೇಲೆ ಎಡಗಡೆಯ ಸ್ವಿಚ್ಚು ಒತ್ತುತ್ತಾರೆ. ಮೇಜಿನ ಮೇಲಿನ ತಗಡಿನ ಪೆಟ್ಟಿಗೆಯೊಳಗೆ ಯಾರೋ ನರಳಿ ಮಗ್ಗಲು ಬದಲಿಸಿದಂಥ ಸದ್ದು. ನಾನು ಏನೋ ಕೇಳಲು ಬಾಯಿ ತೆರೆಯುತ್ತೇನೆ.

"ಒಂದ ಗಳಿಗಿ ಸುಮ್ನ ಕುಂಡ್ರರಿ ಅಕ್ಕಾರ," ಎನ್ನುತ್ತಾರೆ ಅವರು, ಮೆತ್ತಗೆ.

ಮೂಲೆಯಲ್ಲಿ ಕೌದಿ ಹೊದ್ದು ಕುಳಿತ ಅತ್ತೆ ಜಮಾಲಬಿ ಪೆಟ್ಟಿಗೆಯ ಕಡೆ ಕಿವಿ ತಿರುಗಿಸಿದ್ದಾರೆ. ಅವರಿಗೆ ಕಣ್ಣು ಕಾಣುವುದಿಲ್ಲ. ನರಳಿಕೆ ಏರುತ್ತ ಏರುತ್ತ ಒಂದೇ ಸಮನಾದ ಗುಂಯ್‌ಗುಡುವಿಕೆಯಾದಾಗ ಮುದುಕಿ ತಲೆಯಾಡಿಸುತ್ತಾರೆ. "ಹಿರ್ಯಾ ಎದ್ದಾ. ಇನ್ನ ಸಣ್ಣಾಂವ್ನ ಎಬ್ಬಸು."

ಮಲಿಕಾಬಿ ಬಲಗಡೆಯ ಸ್ವಿಚ್ಚು ಒತ್ತುತ್ತಾರೆ. ಇನ್ನೊಂದು ಸದ್ದು, ಇದು ತೆಳು, ಚುರುಕು, ಮೊದಲಿನದರ ಜೊತೆ ಸೇರಿಕೊಳ್ಳುತ್ತದೆ. ಆಮೇಲೆ ಅವರು ಹೊರಬಾಗಿಲಿಗೆ ಹೋಗಿ ಬಾಗಿಲ ಮೇಲಿನ ದೀಪ ಆರಿಸಿ ಬರುತ್ತಾರೆ. ತುಸು ಹೊತ್ತಿಗೆ ಎದುರುಗಡೆ ಹೊಳಬಸಪ್ಪನವರ ಹಿಟ್ಟಿನ ಗಿರಣಿ ಗಡಗಡ ಶುರುವಾಗುತ್ತದೆ. ಅದು ಕಾಕತಾಳೀಯ ಎಂದು ನಾನು ಮೊದಲ ದಿನ ತಿಳಿದಿದ್ದೆ. ಅಲ್ಲ.

ಮೇಜಿನ ಮೇಲೆ ಇರುವುದು ಕಂಪ್ಯೂಟರು. ಬ್ಯಾಂಕಿನಲ್ಲೋ ಹುಬ್ಬಳ್ಳಿಯ ದೊಡ್ಡ ಆಫೀಸಿನಲ್ಲೋ ಗಾಜಿನ ಕೋಣೆಯೊಳಗೆ ಕಾಣುವಂಥದ್ದಲ್ಲ. ಮಲಿಕಾಬಿ ಮನೆಯಲ್ಲೇ ಕೂಡಿಸಿದ್ದು. ಹೊರಗಿನ ತಗಡು ಹಳೆಯ ಟ್ರಂಕಿನದು. ಪರದೆ ಒಂದು ಕಪ್ಪು-ಬಿಳುಪು ಟಿ.ವಿ. ಒಳಗಿನ ಫಲಕಗಳಲ್ಲಿ ಕೆಲವು ಹುಬ್ಬಳ್ಳಿಯ ಗುಜರಿ ಅಂಗಡಿಯಿಂದ ಬಂದವು. ಉಳಿದದ್ದು ಮುಂಬಯಿಗೆ ಲಾರಿ ಹೊಡೆಯುವ ಅವರ ಅಣ್ಣ ಅಬ್ದುಲ್‌ಸಾಬ ಒಂದೊಂದಾಗಿ ತಂದುಕೊಟ್ಟದ್ದು. ಹಿರಿಯ, ಸಣ್ಣವ ಎಂದು ಮುದುಕಿ ಕರೆದದ್ದು ಅದರೊಳಗಿನ ಎರಡು ಹಾರ್ಡ್ ಡಿಸ್ಕುಗಳನ್ನು. ಡಿಸ್ಕ್ ಎಂದರೆ ಕಂಪ್ಯೂಟರಿನ ಕಣಜ ಎಂದು ನನಗೆ ತಿಳಿಸಿ ಹೇಳಿದ್ದಾರೆ. ನೋಡಲು ಒಂದು ಇಟ್ಟಂಗಿಯಷ್ಟು. ಒಳಗೆ ತಟ್ಟೆ ತಿರುಗುತ್ತದೆ. ಬೆರಳಚ್ಚು ಮಾಡಿದ್ದೆಲ್ಲ ಆ ತಟ್ಟೆಯ ಮೇಲೆ ಕೂತಿರುತ್ತದೆ, ಕರೆಂಟು ಹೋದರೂ ಅಳಿಯುವುದಿಲ್ಲ.

ಈ ಕಣಜದಲ್ಲಿರುವುದು ಜಮಖಾನೆಗಳು.

ನಾನು ಇಲ್ಲಿಗೆ ಬಂದದ್ದೂ ಜಮಖಾನೆಯ ಕಾರಣದಿಂದಲೇ. ನನ್ನ ತಾಯಿ ಕೊಂಡಿದ್ದ ನವಲಗುಂದದ ಜಮಖಾನೆಯೊಂದರ ಮೂಲೆಯನ್ನು ಇಲಿ ಕಡಿದಿತ್ತು. ಕೇಳಿದವರೆಲ್ಲ, ನೇಯ್ದವರು ಸಿಕ್ಕರೆ ಮಾತ್ರ ಆದೀತು ಎಂದರು. ಹುಡುಕುತ್ತ ಬಂದರೆ ನೇಯ್ದವರು ಸಿಕ್ಕರು, ಜಮಾಲಬಿ. ಜಮಖಾನೆಯ ಮೇಲೆ ಅಂಗೈ ಆಡಿಸಿ, "ಇದು ನಂದ. ನಮ್ಮ ನವಲು ಕುತಿಗಿ ಹೊಳ್ಳಸಿ ನೋಡತೈತಿ, ಬ್ಯಾರೇದಾರ್ದು ನೋಡೂದಿಲ್ಲ," ಎಂದರು. ಆದರೆ ಹರಿದ ಮೂಲೆಯಲ್ಲಿ ಇದ್ದ ಪಗಡೆ ಹಾಸಿನ ಚಿತ್ತಾರದ ಹೆಣಿಕೆ ಅವರಿಗೆ ನೆನಪಿಗೆ ಬರಲಿಲ್ಲ. "ಅದು ಹಿರ್ಯಾನ ಹಂತ್ಯಾಕ ಐತಿ. ಮಲಿಕಾ, ಕೇಳಿ ಹೇಳವಾ," ಎಂದರು. ಮನೆಯಲ್ಲಿ ಯಾವ ಹಿರಿಯರಿದ್ದಾರೆ ಎಂದು ನಾನು ಅತ್ತಿತ್ತ ನೋಡಿದೆ.

ಮಲಿಕಾಬಿಗೆ ಮೂವತ್ತೈದರ ಆಸುಪಾಸು. ತವರು ಶಲವಡಿ. ಏಳನೆಯ ಇಯತ್ತೆಗೆ ಶಾಲೆ ನಿಂತಿತು. ಗಂಡ ಮಹಬೂಬಸಾಬರ ರೇಡಿಯೋ ಅಂಗಡಿಗೆ ಹತ್ತಿ ಮೂಟೆಗಳ ಚಕ್ಕಡಿಯೊಂದು ದೊಡ್ಡ ಪೆಟ್ಟು ಕೊಟ್ಟಿತು: ಚಕ್ಕಡಿ ಮಗುಚಿ ಅವರ ಬಲಗೈಯ ಎರಡು ಬೆರಳು ಹೋದವು. ಬೆಸುಗೆಯ ಕಡ್ಡಿ ಹಿಡಿಯಲು ಆಗದಾಯಿತು. ಅಂದಿನಿಂದ ಗಂಡ ಹೇಳುತ್ತ ಹೋದರು, ಹೆಂಡತಿ ಮಾಡುತ್ತ ಹೋದರು. ಒಂದು ದಿನ ಹೇಳುವುದೇನೂ ಉಳಿಯಲಿಲ್ಲ.

"ಬೋರ್ಡಿನ ಮ್ಯಾಲ ನನ್ನ ಹೆಸರು, ಒಳಗ ಕೆಲಸಾ ಅಕೀದು," ಎನ್ನುತ್ತಾರೆ ಮಹಬೂಬಸಾಬ. "ಮಂದಿ ನನ್ನ ಕೈಗುಣಾ ಹೊಗಳತಾರ. ನಾ ಹೂಂ ಅಂತೀನಿ."

"ಹೂಂ ಅನ್ನಾಕರೆ ಬರತೈತಲ್ಲ, ಪುಣ್ಯಾ," ಎಂದು ಒಳಗಿನಿಂದ ಹೆಂಡತಿಯ ದನಿ.

ಬೆಳಿಗ್ಗೆ ಕಂಪ್ಯೂಟರಿನ ಕೆಲಸ, ಹೊತ್ತೇರಿದ ಮೇಲೆ ಮಗ್ಗ, ಮಧ್ಯಾಹ್ನ ಊಟವಾದ ಮೇಲೆ ರೇಡಿಯೋ, ಟೇಪು. ನಡುವೆ ರೊಟ್ಟಿ, ನೀರು, ಅತ್ತೆಯ ಔಷಧ. ದಿನಕ್ಕೆ ನಾಲ್ಕೈದು ರೇಡಿಯೋ ಅವರ ಕೈಯಿಂದ ಹಾಡುತ್ತ ಹೊರಗೆ ಹೋಗುತ್ತವೆ. ಜಮಖಾನೆ ಮಾತ್ರ ದಿನಕ್ಕೆ ಗೇಣಿನಷ್ಟು ಏರಿದರೆ ಹೆಚ್ಚು.

ಈ ಮನೆತನದಲ್ಲಿ ಜಮಖಾನೆಯ ಹೆಣಿಕೆಯನ್ನು ಸೊಸೆಗೆ ಕಲಿಸುತ್ತಾರೆ, ಮಗಳಿಗೆ ಕಲಿಸುವುದಿಲ್ಲ. ಮಗಳು ಇನ್ನೊಂದು ಮನೆಗೆ ಹೋಗುವವಳು. ನವಿಲೂ ಅವಳ ಹಿಂದೆ ಹೋಗಿಬಿಡುತ್ತದೆ ಎಂಬ ಭಯ. ಕಾಗದದ ಮೇಲೆ ಬರೆಯುವುದೂ ಇಲ್ಲ. ಎಲ್ಲ ಜಮಾಲಬಿಯ ತಲೆಯಲ್ಲಿ, ಎಣಿಕೆಯಾಗಿ. ಕಣ್ಣಿನ ನರ ಒಣಗುತ್ತ ಬಂದಾಗ ಮುದುಕಿ ಮಗ್ಗದ ಪಕ್ಕ ಕುಳಿತು ಬಾಯಲ್ಲಿ ಹೇಳತೊಡಗಿದರು: ಎಂಟು ಕೆಂಪು, ಎರಡು ಬಿಳಿ, ಒಂದು ಕರಿ, ಮತ್ತೆ ಎರಡು ಬಿಳಿ. ಆದರೆ ಸೊಸೆ ನೇಯುವ ವೇಗಕ್ಕೆ ಎಲ್ಲವನ್ನೂ ಹೇಳಿ ಮುಗಿಸುವಷ್ಟು ಕಾಲ ಉಳಿದಿದೆಯೇ? ನೆನಪೂ ಅಲ್ಲಲ್ಲಿ ಸಡಿಲವಾಗತೊಡಗಿತ್ತು.

ಆಗ ರೇಡಿಯೋ ರಿಪೇರಿಗೆಂದು ಬಂದವರು ಹೈಸ್ಕೂಲಿನ ಗಣಿತದ ಮಾಸ್ತರ ಕುಬೇರಪ್ಪನವರು. ಹೊರಗೆ ಕುಳಿತು ಆ ಎಣಿಕೆ ಕೇಳಿಸಿಕೊಂಡು, ಇದನ್ನು ಕಂಪ್ಯೂಟರಿಗೆ ತುಂಬಿಸಬಹುದಲ್ಲ ಎಂದರಂತೆ. ಅವರು ಅದಕ್ಕೆ ಬೇಕಾದ ಪ್ರೋಗ್ರಾಮು ಬರೆದರು, ಮಲಿಕಾಬಿ ಯಂತ್ರ ಕೂಡಿಸಿದರು. ಮುಂದೆ ಸಂಜೆಸಂಜೆ ಮುದುಕಿ ಹೇಳುವುದು, ಮಾಸ್ತರರು ಅಕ್ಷರ ಒತ್ತುವುದು. ಪರದೆಗೆ ಬಣ್ಣವಿಲ್ಲ, ಒಂದೊಂದು ಬಣ್ಣಕ್ಕೆ ಒಂದೊಂದು ಇಂಗ್ಲಿಷ್ ಅಕ್ಷರ. ದೂರದಿಂದ ನೋಡಿದರೆ ಅಕ್ಷರಗಳ ನಡುವೆ ನವಿಲು ನಿಂತಿರುತ್ತದೆ.

"ಹೊಟ್ಟೀಲೆ ಹುಟ್ಟಿದ ಮಗಳಿಗೆ ಹೇಳಲಿಲ್ಲ, ಮಾಸ್ತರಗ ಹೇಳೀನಿ," ಎಂದು ಜಮಾಲಬಿ ನಗುತ್ತಾರೆ. "ಇಂವಾ ಎಲ್ಲಿಗೂ ಲಗ್ನಾ ಆಗಿ ಹೋಗಾಂವಲ್ಲ, ಅಂತ."

ಒಂದೊಂದು ಸಾಲಿಗೂ ನೂರಾರು ಅಕ್ಷರ. ಆಗ ಇದ್ದದ್ದು ಒಂದೇ ಡಿಸ್ಕು, ಒಂದೆರಡು ವರ್ಷಗಳಲ್ಲಿ ಅದು ತುಂಬಿತು. ಅಷ್ಟೇ ಅಲ್ಲ, ಏಳುವಾಗ ನರಳತೊಡಗಿತು. ಬೇರೆ ಪ್ರತಿ ಎಂದು ಫ್ಲಾಪಿಗಳಿಗೆ ಇಳಿಸಿದ್ದಕ್ಕೆ ಹೋದ ಮಳೆಗಾಲದಲ್ಲಿ ಬೂಷ್ಟು ಹಿಡಿದುಹೋಯಿತು. ಜಮಾಲಬಿಯ ಬದುಕಿನ ಕೆಲಸವೆಲ್ಲ ನರಳುವ ಒಂದು ತಟ್ಟೆಯ ಮೇಲೆ ಉಳಿಯಿತು. ಹುಬ್ಬಳ್ಳಿಯಲ್ಲಿ ವಿಚಾರಿಸಿದರೆ ಅಂಗಡಿಯವರು, ಹಳೆಯದನ್ನು ತೆಗೆದು ಎಸೆಯಿರಿ, ಹೊಸದು ಹಾಕಿರಿ ಎಂದರು. ಅಬ್ದುಲ್‌ಸಾಬ ಹೊಸ ಡಿಸ್ಕನ್ನು ಮುಂಬಯಿಯಿಂದ ತಂದರು. ದಾರಿಯ ಹೊಡೆತಕ್ಕೆ ಕೆಟ್ಟೀತೆಂದು ಸೀಟಿನ ಮೇಲೂ ಇಡದೆ, ಕೌದಿಯಲ್ಲಿ ಸುತ್ತಿ, ಕ್ಲೀನರನ ತೊಡೆಯ ಮೇಲೆ ಇಡಿಸಿಕೊಂಡು ಬಂದರಂತೆ. ಆ ಕ್ಲೀನರನ ಹೆಸರು ನನಗೆ ಗೊತ್ತಾಗಲಿಲ್ಲ. ಗೊತ್ತಿದ್ದರೆ ಇಲ್ಲಿ ಬರೆಯುತ್ತಿದ್ದೆ.

ಮಲಿಕಾಬಿ ಹಳೆಯದನ್ನು ಎಸೆಯಲಿಲ್ಲ. "ಎಳೇ ಹೋರಿನ್ನ ಹಳೇ ಎತ್ತಿನ ಬಾಜೂಕ ಹೂಡತಾರ್ರಿ. ಹಳೇದನ್ನ ಹೊಡದ ಹಾಕಿ ಹೂಡತಾರೇನು?" ಎಂದು ನನ್ನನ್ನೇ ಕೇಳುತ್ತಾರೆ. ಎರಡನ್ನೂ ತಂತಿಯ ಪಟ್ಟಿಗಳಿಂದ ಜೋಡಿಸುವ ಬಗೆಯನ್ನೂ ಬೆರಳಿನಿಂದ ತೋರಿಸಿ ಹೇಳುತ್ತಾರೆ: "ಈ ಅಗಲಾನ ಪಟ್ಟಿ ಇಬ್ಬರಿಗೂ ಕೂಡಿ ಒಂದ. ಈ ಸಣ್ಣ ಪಟ್ಟಿ ಒಬ್ಬೊಬ್ಬರಿಗೆ ಒಂದೊಂದ. ಅತ್ತಿ ಸೊಸಿಗೆ ಅಡಗಿಮನಿ ಒಂದ, ಟ್ರಂಕು ಬ್ಯಾರೆ ಬ್ಯಾರೆ ಇದ್ದಂಗ." ಹೊಸ ಡಿಸ್ಕನ್ನು ಮೊದಲ ಬಾರಿ ಬಳಸುವಾಗ ಪೂರ್ತಿ ಒರೆಸಿ ಹಸನು ಮಾಡಬೇಕಂತೆ, ಯಾವುದನ್ನು ಒರೆಸಲಿ ಎಂದು ಯಂತ್ರ ಕೇಳುವಾಗ ಉತ್ತರ ತಪ್ಪಿದರೆ ಹಳೆಯದೇ ಅಳಿಸಿಹೋಗುತ್ತದೆ. ಮಲಿಕಾಬಿ ಹಳೆಯದರ ಪಟ್ಟಿಗಳನ್ನೇ ಬಿಚ್ಚಿ ದೂರ ಇಟ್ಟರು. "ತೊಟ್ಲಾ ತೊಳಿಯೂ ಮುಂದ ಕೂಸಿನ್ನ ಎತ್ತಿ ಬಾಜೂಕ ಮಲಗಸೂದಿಲ್ಲೇನ್ರಿ, ಹಂಗ."

ಇಷ್ಟು ಜೋಪಾನ ಮಾಡಿದ ಮೇಲೂ ತಪ್ಪು ಆಯಿತು. ಆದದ್ದು ಪ್ರೀತಿಯಿಂದ.

ಸೊಸೆ ಮೊದಲ ಬಾರಿ ಮಗ್ಗಕ್ಕೆ ಕುಳಿತಾಗ ನೂಲು ಕುಟ್ಟುವ ಪಂಜಾ ಎಂಬ ಕಬ್ಬಿಣದ ಹಣಿಗೆಯನ್ನು ಅತ್ತೆ-ಸೊಸೆ ಇಬ್ಬರೂ ಕೂಡಿ ಹಿಡಿದು ಮೊದಲ ಏಟು ಹಾಕುವುದು ಇವರ ಪದ್ಧತಿ. ಹೊಸಬಳು ಒಂಟಿಯಾಗಿ ಶುರು ಮಾಡಬಾರದು, ಹಳಬಳು ಹಿಂದುಳಿಯಬಾರದು. ಎರಡು ಡಿಸ್ಕೂ ಜೋಡಿಸಿಯಾದಾಗ ಜಮಾಲಬಿ ಕೇಳಿದರು, "ಇಬ್ಬರಿಗೂ ಒಂದ ಸ್ವಿಚ್ಚ ಇಡವಾ. ಕೂಡಿ ಏಳಲಿ." ಮಲಿಕಾಬಿಗೂ ಅದು ಸರಿ ಅನಿಸಿತು. ಸ್ವಿಚ್ಚಿನ ಮೇಲೆ ಅತ್ತೆಯ ಬೆರಳು, ಅದರ ಮೇಲೆ ಸೊಸೆಯ ಬೆರಳು.

ತಟ್ಟೆ ತಿರುಗಲು ಶುರುವಾಗುವ ಗಳಿಗೆಯಲ್ಲೇ ಡಿಸ್ಕು ಹೆಚ್ಚು ಕರೆಂಟು ಎಳೆಯುತ್ತದೆ. ಎರಡೂ ಒಮ್ಮೆಗೇ ಎಳೆದವು. ಎದುರಿಗೆ ಗಿರಣಿ ಬೇರೆ ನಡೆದಿತ್ತು. ದೀಪ ಮಂಕಾಯಿತು, ಮುಳ್ಳು ಬಿತ್ತು, ಎರಡೂ ನಿಂತವು. ಮತ್ತೆ ಹಾಕಿದರೆ ಹೊಸದು ಎದ್ದಿತು, ಹಳೆಯದು ಏಳಲಿಲ್ಲ. ಹಳೆಯದೊಂದನ್ನೇ ಹಾಕಿ ನೋಡಿದರು. ಆಗಲೂ ಏಳಲಿಲ್ಲ. ನರಳಲೂ ಇಲ್ಲ.

ಆ ದಿನದ ವಿಷಯ ಹೇಳುವಾಗ ಮಲಿಕಾಬಿ ಕೈಯಲ್ಲಿದ್ದ ಕೆಲಸ ಕೆಳಗಿಡುತ್ತಾರೆ. ಮಹಬೂಬಸಾಬ ಅಂಗಡಿ ಮುಚ್ಚಿ ಒಳಗೆ ಬಂದು ತಾವೇ ಚಹಾ ಮಾಡಿದರಂತೆ, ಸಕ್ಕರೆ ಹಾಕುವುದು ಮರೆತು. ಎಲ್ಲರೂ ಹಾಗೆಯೇ ಕುಡಿದರು. ಸುದ್ದಿ ತಿಳಿದು ಬಂದ ಕುಬೇರಪ್ಪನವರು, ನೆನಪಿದ್ದಷ್ಟು ಮತ್ತೆ ಹೇಳಿ ನೋಡಿ ಎಂದು ಜಮಾಲಬಿಯ ಎದುರು ಕುಳಿತರು. ನವಿಲು ಬಂತು. ಬಳ್ಳಿ ಬಂತು. ಪಗಡೆಯ ಮೂಲೆಗೆ ಬಂದಾಗ ಮುದುಕಿ, ಆರು ಕೆಂಪು, ಮೂರು ಬಿಳಿ ಎಂದು ನಿಂತರು. ಮತ್ತೆ ಮೊದಲಿಂದ ಶುರು ಮಾಡಿ ಅಲ್ಲಿಗೇ ಬಂದು ನಿಂತರು. ಕೊನೆಗೆ ಸೊಸೆಯ ಮೊಣಕಾಲು ತಡವಿ ಹುಡುಕಿ ಅದರ ಮೇಲೆ ಕೈ ಇಟ್ಟರು.

"ಕೂಡಿ ಎಬ್ಬಸು ಅಂದಾಕಿ ನಾ. ನಿನ್ನ ತಪ್ಪಲ್ಲ ಬೇಟಿ," ಎಂದರು.

"ಬೈದಿದ್ದರ ಅಳತಿದ್ದಿಲ್ಲ ಅಕ್ಕಾರ," ಎನ್ನುತ್ತಾರೆ ಮಲಿಕಾಬಿ.

ಮರುದಿನ ಬೆಳಗಾಗುವ ಹೊತ್ತಿಗೆ, ಗಿರಣಿ ಶುರುವಾಗುವ ಮೊದಲೇ ಅವರು ಹಳೆಯ ಡಿಸ್ಕನ್ನು ಹೊರತೆಗೆದು ಕಿವಿಗೆ ಹಿಡಿದರು. ಹಳೆಯ ಟೇಪುಗಳ ಮೋಟಾರು ಎಷ್ಟೋ ಸಲ ಸುಟ್ಟಿರುವುದಿಲ್ಲ, ಸುಮ್ಮನೆ ಅಂಟಿಕೊಂಡಿರುತ್ತದೆ ಎಂಬುದು ಅವರ ಬೆರಳುಗಳಿಗೆ ಗೊತ್ತಿತ್ತು. ಎರಡೂ ಕೈಯಲ್ಲಿ ಮಟ್ಟಸವಾಗಿ ಹಿಡಿದು, ಬೀಸುಕಲ್ಲಿಗೆ ಮೊದಲ ಸುತ್ತು ಕೊಡುವಂತೆ ಚಟಕ್ಕನೆ ತುಸು ತಿರುಗಿಸಿದರು. ತಂತಿ ಸಿಕ್ಕಿಸಿ ಸ್ವಿಚ್ಚು ಒತ್ತಿದರು. ನರಳಿಕೆ ಕೇಳಿಸಿತು. ಮೂಲೆಯಿಂದ ಜಮಾಲಬಿ, "ಎದ್ದಾ," ಎಂದರು. ದುವಾ ಮಾಡುವವರಂತೆ ಎರಡೂ ಅಂಗೈಯನ್ನು ಮುಖಕ್ಕೆ ಸವರಿಕೊಂಡರು.

ಅಂದಿನಿಂದ ಎರಡು ಸ್ವಿಚ್ಚು. ಹೊಸದಕ್ಕೆ ಬೇರೆ ಟ್ರಾನ್ಸ್‌ಫಾರ್ಮರು ಹಾಕಿ ಮಲಿಕಾಬಿಯೇ ಬೇರೆ ಕರೆಂಟು ಕೊಟ್ಟಿದ್ದಾರೆ. ಹಿರಿಯ ಎದ್ದು ಸದ್ದು ಸಮವಾದ ಮೇಲೆಯೇ ಸಣ್ಣವ. ಹಳೆಯದರಲ್ಲಿ ಇದ್ದದ್ದೆಲ್ಲ ಹೊಸದಕ್ಕೂ ಇಳಿದಿದೆ. ಇಷ್ಟಾದ ಮೇಲೆ ಹಳೆಯದು ಯಾಕೆ ಬೇಕು ಎಂದು ನಾನು ಕೇಳಿಯೇಬಿಟ್ಟೆ. "ಹೊಸಾದಕ್ಕೂ ಒಂದ ದಿನಾ ಜಡ್ಡ ಬರತೈತ್ರಿ," ಎಂದರು. ಆಮೇಲೆ ದನಿ ತಗ್ಗಿಸಿ, "ಮತ್ತ ಅದರ ಸಪ್ಪಳಾ ಕೇಳಲಿಲ್ಲಂದ್ರ ಅತ್ತಿಗೆ ಬೆಳಗ ಆಗೂದಿಲ್ಲ."

ಮಲಿಕಾಬಿಯ ಹೊರಬಾಗಿಲ ದೀಪದ ಕಥೆಯನ್ನು ಹೇಳಿದವರು ಗಿರಣಿಯ ಹೊಳಬಸಪ್ಪನವರು. ಆ ಪ್ರಸಂಗದ ಮರುವಾರ ಜೋಳ ಬೀಸಲು ಹೋದ ಮಲಿಕಾಬಿ, ಕಾಕಾ, ನಿಮ್ಮ ಗಿರಣಿ ನಡೆದಾಗ ನಮ್ಮ ಮುಳ್ಳು ಬೀಳುತ್ತದೆ ಎಂದು ಸಂಕೋಚದಿಂದ ಹೇಳಿದ್ದರಂತೆ. ಗಿರಣಿ ನಿಲ್ಲಿಸಿ ಎಂದಿರಲಿಲ್ಲ.

"ನಾನ ಅಂದೆ, ಬಾಗಲದಾಗ ಒಂದ ದೀಪಾ ಹಚ್ಚಿಡವಾ. ನಿನ್ನ ಪೆಟಗಿ ಎದ್ದ ಮ್ಯಾಲ ಆರಸು. ಆರೂತನಾ ನಾ ಬೆಲ್ಟ ಹಾಕೂದಿಲ್ಲ," ಎನ್ನುತ್ತಾರೆ ಅವರು, ಹಿಟ್ಟು ಮೆತ್ತಿದ ಹುಬ್ಬು ಒರೆಸಿಕೊಳ್ಳುತ್ತ. "ಒಳಗ ಏನ ಐತೋ ನನಗೇನ ಗೊತ್ರಿ. ನಸುಕಿಗೆ ಬಂದ ಮಂದಿ, ಯಾಕೋ ಹೊಳಬಸಪ್ಪಾ, ದೀಪದ ಪೂಜಿ ಹಿಡದಿ ಏನು, ಅಂತ ಚ್ಯಾಷ್ಟಿ ಮಾಡತಾರ. ಮಾಡ್ಲಿ. ಒಂದೀಟ ತಡಾ ಆದ್ರ ರೊಟ್ಟಿ ಏನ ಓಡಿ ಹೋಗತಾವೇನು?"

ನನ್ನ ಜಮಖಾನೆ ಸಿದ್ಧವಾಗಿದೆ. ಪಗಡೆಯ ಮೂಲೆಯನ್ನು ಮಲಿಕಾಬಿ ಹಿರಿಯನಿಂದ ಪರದೆಗೆ ಕರೆದು, ಸಾಲುಸಾಲಾಗಿ ಓದಿಕೊಂಡು ನೇಯ್ದಿದ್ದಾರೆ. ಹೊಸ ನೂಲು ತುಸು ಹೊಳೆಯುತ್ತದೆ, ಹಳೆಯದು ಮಾಸಿದೆ. ಅದನ್ನು ಮುಚ್ಚಿಡುವ ಪ್ರಯತ್ನವನ್ನು ಅವರು ಮಾಡಿಲ್ಲ, ನಾನೂ ಬಯಸಲಿಲ್ಲ. ನಾನಿದ್ದೇನೆಂದು ಮನೆಯವರೆಲ್ಲ ಇಷ್ಟು ದಿನ ತಮ್ಮ ಮನೆಮಾತು ಬಿಟ್ಟು ಕನ್ನಡದಲ್ಲೇ ಮಾತಾಡಿದರು. ಇದನ್ನು ನಾನು ಗಮನಿಸಿದ್ದು ಕೊನೆಯ ದಿನ, ಬಾಗಿಲು ದಾಟಿದ ಮೇಲೆ ಒಳಗಿನಿಂದ ಉರ್ದು ಕೇಳಿಬಂದಾಗ.

ಹೊರಡುವ ಮುನ್ನ, ನಿಮಗೇನು ಆಸೆ ಎಂದು ಮಲಿಕಾಬಿಯನ್ನು ಕೇಳಿದ್ದೆ. ಅಷ್ಟರಲ್ಲಿ ಮಹಬೂಬಸಾಬ ನಡುವೆ ಬಾಯಿ ಹಾಕಿದರು. "ಬರೂ ತಿಂಗಳ ಪೇಂಟರನ್ನ ಕರಸಾಂವ್ರಿ. ಬೋರ್ಡಿನ್ಯಾಗಿನ ನನ್ನ ಹೆಸರ ಅಳಿಸಿ ಅಕೀ ಹೆಸರ ಬರಸಾಂವ. ಇಷ್ಟ ದಿನಾ ಹೂಂ ಅಂದದ್ದ ಸಾಕು."

ಮಲಿಕಾಬಿ ಹೊರಗೆ ಬಂದು, ಸೆರಗು ಸರಿಮಾಡಿಕೊಂಡು, ತಲೆಯೆತ್ತಿ ಬೋರ್ಡನ್ನು ನೋಡಿದರು. 'ಮಹಬೂಬ ರೇಡಿಯೋ ರಿಪೇರಿ' ಎಂಬ ಅಕ್ಷರಗಳು ಬಿಸಿಲಿಗೆ ಬೆಳ್ಳಗಾಗಿವೆ.

"ಅಳಸೂದು ಬ್ಯಾಡ್ರಿ," ಎಂದರು. "ಅದರ ಬಾಜೂಕ ಬರಸ್ರಿ. ಜಾಗಾ ಐತಿ."